ಪರೀಕ್ಷೆಗೆ ಹೋಗದ ಗರ್ಭಕೋಶ

ಶಿರಾದ ಆ ನರ್ಸಿಂಗ್ ಹೋಮಿನಲ್ಲಿ ಒಂದು ಪದ್ಧತಿಯಿತ್ತು. ಗರ್ಭಕೋಶ ತೆಗೆದ ಮೇಲೆ ನರ್ಸು ಅದನ್ನು ಸ್ಟೀಲಿನ ಟ್ರೇಯಲ್ಲಿಟ್ಟುಕೊಂಡು ಹೊರಗೆ ಬಂದು, ರೋಗಿಯ ಕಡೆಯವರನ್ನು ಕೂಗಿ ಕರೆದು ತೋರಿಸುತ್ತಿದ್ದಳು. ಮನೆಯವರು ಒಮ್ಮೆ ಕಣ್ಣಾರೆ ಕಂಡುಬಿಟ್ಟರೆ, ತೆಗೆದರೋ ಇಲ್ಲವೋ ಎಂಬ ತಕರಾರು ಆಮೇಲೆ ಏಳುವುದಿಲ್ಲ.

"ರಾಧಾಮಣಿ ಕಡೆಯೋರು ಯಾರು?"

ರಾಧಾಮಣಿಯ ಗಂಡ ಅಂಜನ್ ಕುಮಾರ್ ಎದ್ದವನು ಟ್ರೇ ಕಂಡದ್ದೇ ಮತ್ತೆ ಕೂತುಬಿಟ್ಟ. ಅವನ ತಾಯಿ ಚಿಕ್ಕಹನುಮಕ್ಕ ಸೆರಗು ಸರಿಮಾಡಿಕೊಂಡು ಹತ್ತಿರ ಹೋದಳು.

ಪಾವಗಡ ತಾಲ್ಲೂಕಿನ ವಳ್ಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು ಅವಳು. ಮುನ್ನೂರಕ್ಕೂ ಮೇಲೆ ಹೆರಿಗೆ ಮಾಡಿಸಿದ್ದಳು. ಆಂಬುಲೆನ್ಸ್ ಬಂದು ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಶುರುವಾದ ಮೇಲೆ ಆ ಕೆಲಸ ನಿಂತಿತ್ತು. ಗರ್ಭದ ಬಾಯಿ ಬಸುರಿಲ್ಲದಾಗ ಮೂಗಿನ ತುದಿಯಷ್ಟು ಗಟ್ಟಿ, ಬಸುರಾದಾಗ ತುಟಿಯಷ್ಟು ಮೆತ್ತಗೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಆದರೆ ಆ ಬೆರಳು ಮುಟ್ಟಿದ್ದನ್ನು ಅವಳ ಕಣ್ಣು ಒಂದು ಸಲವೂ ಕಂಡಿರಲಿಲ್ಲ.

ಇಷ್ಟೇನಾ ಅನ್ನಿಸಿತು ಅವಳಿಗೆ. ತಲೆಕೆಳಗಾಗಿಸಿದ ಎಳೆ ಸೋರೆಕಾಯಿಯ ಹಾಗಿತ್ತು. ಮೇಲೆ ದಪ್ಪ, ಕೆಳಗೆ ಕುತ್ತಿಗೆ, ಮುಷ್ಟಿಗಿಂತ ಒಂದು ಸುತ್ತು ದೊಡ್ಡದು. ಎರಡೂ ಪಕ್ಕದಲ್ಲಿ ಬೆರಳುದ್ದವೂ ಇಲ್ಲದ ನಾಳದ ತುಂಡುಗಳು. ಮೂರು ಮಕ್ಕಳು ಈ ಮುಷ್ಟಿಯೊಳಗಿಂದ ಬಂದವು.

"ಅಂಡಾಶಯ ಎರಡೂ ಹೊಟ್ಟೆಲೇ ಬಿಟ್ಟಿದೀವಿ, ವಯಸ್ಸು ನಲವತ್ತೊಂದೇ ಅಲ್ವಾ. ನೋಡಿದ್ರಲ್ಲ?" ನರ್ಸು ಟ್ರೇ ತಿರುಗಿಸಿದಳು.

ಆಗ ಚಿಕ್ಕಹನುಮಕ್ಕನಿಗೆ ಬಾಯಿ ಕಂಡಿತು. ಹೆತ್ತವಳ ಬಾಯಿ, ಗುಂಡಗಿರಲಿಲ್ಲ, ಅಡ್ಡ ಸೀಳಿತ್ತು. ಅದು ಸರಿಯೇ. ಆದರೆ ಕೆಳತುಟಿಯ ಮೇಲೆ ಹೆಬ್ಬೆರಳಗಲ ಜಾಗ ಒರಟಾಗಿ, ತರಿತರಿಯಾಗಿ, ಕಡುಕೆಂಪಾಗಿ ಇತ್ತು. ಮಿಕ್ಕ ತುಟಿ ನುಣ್ಣಗಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ರಾಧಾಮಣಿಯ ಚೊಚ್ಚಲ ಹೆರಿಗೆ ಮಾಡಿಸಿದ್ದು ಅವಳೇ. ಬಾಯಿ ಪೂರ್ತಿ ಬಿಡುವ ಮೊದಲೇ "ಮುಕ್ಕವ್ವ, ಮುಕ್ಕು" ಎಂದು ತಿಣುಕಲು ಆತುರಪಡಿಸಿದ್ದಳು. ಬಾಯಿ ಹರಿಯಿತು. ಎರಡು ದಿನ ರಕ್ತ ನಿಲ್ಲಲಿಲ್ಲ. ಮೂರನೆಯ ದಿನ ತಾನಾಗಿ ನಿಂತಿತು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಇದು ಅದೇ ಗಾಯ ಎಂದು ಅವಳು ಆ ಕ್ಷಣವೇ ತೀರ್ಮಾನಿಸಿದಳು.

ಒಂದು ವರ್ಷದಿಂದ ರಾಧಾಮಣಿಗೆ ಬಿಳಿಸೆರಗು ವಾಸನೆ ಬರುತ್ತಿತ್ತು. ಮುಟ್ಟಿನ ಲೆಕ್ಕ ತಪ್ಪಿ ರಕ್ತ ಕಾಣಿಸುತ್ತಿತ್ತು, ಗಂಡನ ಜೊತೆ ಮಲಗಿದ ಮರುದಿನವೂ ಕಾಣಿಸುತ್ತಿತ್ತು. ನರ್ಸಿಂಗ್ ಹೋಮಿನವರು ಸ್ಕ್ಯಾನ್ ಮಾಡಿ, ಗರ್ಭಕೋಶ ದಪ್ಪ ಆಗಿದೆ, ತೆಗೆದುಬಿಡೋಣ ಅಂದಿದ್ದರು.

ಅರ್ಧ ಗಂಟೆಗೆ ನರ್ಸು ಅದನ್ನೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಹೆಸರು ಬರೆದ ಪ್ಲಾಸ್ಟರ್ ಅಂಟಿಸಿ, ಒಂದು ಚೀಟಿಯ ಜೊತೆ ಕೊಟ್ಟಳು. ಡಬ್ಬಿ ಚಿಕ್ಕದು. ಕಣ್ಣು ಉರಿಸುವ ಔಷಧದ ನೀರು ಅರ್ಧದವರೆಗೆ ಮಾತ್ರ ಇತ್ತು. ಗರ್ಭಕೋಶದ ದಪ್ಪ ಭಾಗ ನೀರಿನಲ್ಲಿ, ಕುತ್ತಿಗೆ ಮತ್ತು ಬಾಯಿ ನೀರಿನ ಮೇಲೆ.

"ಇವತ್ತೇ ಮಧುಗಿರಿ ಲ್ಯಾಬಿಗೆ ಕೊಡಿ. ಹತ್ತು ದಿನಕ್ಕೆ ರಿಪೋರ್ಟ್ ಬರ್ತದೆ."

ಅಂಜನ್ ಕುಮಾರ್ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಗ್ಯಾಂಗಿನ ಮೇಸ್ತ್ರಿ. ಎರಡು ಗಂಟೆಯ ಪಾಳಿಗೆ ಅವನು ಹಾಜರಾಗಬೇಕಿತ್ತು. ಶಿರಾದಿಂದ ಬೈಕಿನಲ್ಲಿ ಮಡಕಶಿರಾದ ಮೇಲೆ ಹೋದರೆ ಹತ್ತಿರ, ಮಧುಗಿರಿಯ ಮೇಲೆ ಸುತ್ತು. ನರ್ಸಿಂಗ್ ಹೋಮಿನಲ್ಲಿ ನೋಡಿಕೊಳ್ಳಲು ರಾಧಾಮಣಿಯ ತಂಗಿ ಬಂದಿದ್ದಳು.

"ಅಮ್ಮ, ನೀನು ಬಸ್ಸಲ್ಲಿ ಹೆಂಗೂ ಮಧುಗಿರಿಲಿ ಇಳಿದು ಬಸ್ ಬದಲಾಯಿಸ್ಬೇಕಲ್ಲ. ಇದನ್ನ ಲ್ಯಾಬಿಗೆ ಕೊಟ್ಬುಡು. ಬಸ್ ಸ್ಟ್ಯಾಂಡ್ ಹಿಂದೇನೇ ಐತೆ."

"ಆಯ್ತು ಕಣಪ್ಪ, ನೀ ಹೋಗು."

ಬಸ್ಸಿನಲ್ಲಿ ಅವಳು ಡಬ್ಬಿಯಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿದ್ದವನು ಮೂಗು ಹಿಡಿದುಕೊಂಡು, "ಏನಜ್ಜಿ ಅದು, ಉಪ್ಪಿನಕಾಯಿ ಕೆಟ್ಟೋಗೈತಾ?" ಅಂದ.

"ನಿನ್ನ ಮೊದಲನೇ ಮನೆ ಕಣಪ್ಪ. ಒಂಬತ್ತು ತಿಂಗಳು ಬಾಡಿಗೆ ಇಲ್ದಂಗೆ ಇದ್ದೆ, ಮರ್ತ್ಬುಟ್ಟಾ?"

ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಅವಳಿಗೆ ಶೂನ್ಯ ದರದ ಟಿಕೆಟ್ ಹರಿದುಕೊಟ್ಟು, ಚೀಲದ ಕಡೆ ಕೈ ತೋರಿಸಿ, "ನಿಂಗೆ ಫ್ರೀ, ಲಗೇಜಿಗೆ ಫ್ರೀ ಇಲ್ಲ ಅಜ್ಜಿ," ಎಂದು ತಮಾಷೆ ಮಾಡಿದ.

"ಅದೂ ಹೆಂಗಸೇ ಕಣಪ್ಪ."

ಸುತ್ತ ಕೂತವರು ನಕ್ಕರು. ಅವಳೂ ನಕ್ಕಳು. ಆದರೆ ಚೀಲದ ಮೇಲಿನ ಕೈ ತೆಗೆಯಲಿಲ್ಲ.

ಮಧುಗಿರಿಯ ಲ್ಯಾಬಿನಲ್ಲಿ ಅವಳ ಮುಂದೆ ಇನ್ನೊಬ್ಬರ ಡಬ್ಬಿ ಇತ್ತು. ಕೌಂಟರಿನ ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಿಳಿ ಕೋಟು ಹಾಕಿಕೊಂಡ ಒಬ್ಬ ಹೆಂಗಸು ಹಲಗೆಯ ಮೇಲೆ ಯಾರದೋ ಗರ್ಭಕೋಶವನ್ನಿಟ್ಟು ಉದ್ದನೆಯ ಚಾಕುವಿನಿಂದ ಬಾಯಿಯಿಂದ ಮೇಲಿನವರೆಗೆ ಸೀಳಿದಳು. ಆಮೇಲೆ ಬ್ರೆಡ್ಡು ಕೊಯ್ದ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯತೊಡಗಿದಳು.

"ಅದರಾಗೆ ಏನು ಗೊತ್ತಾಗ್ತದಪ್ಪ?" ಎಂದು ಅವಳು ಕೌಂಟರಿನವನನ್ನು ಕೇಳಿದಳು.

"ಎಲ್ಲಾನೂ. ಹಳೇದು, ಹೊಸದು, ಸೂಜಿಮೊನೆ ಗಾಯ ಇದ್ರೂ ಡಾಕ್ಟ್ರು ಬರೀತಾರೆ."

"ಯಾರಿಂದ ಆಯ್ತು ಅಂತಾನೂ ಬರೀತಾರಾ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಆದರೂ ಜಂಬಕ್ಕೆ, "ಎಲ್ಲಾ ಬರೀತಾರಜ್ಜಿ," ಅಂದ.

"ಉಳಿದ ಚೂರು?"

"ಒಂದು ತಿಂಗಳು ಇಟ್ಟಿರ್ತೀವಿ. ಆಮೇಲೆ ಹಳದಿ ಚೀಲಕ್ಕೆ ಹಾಕಿ ಕಳಿಸ್ತೀವಿ, ಸುಡ್ತಾರೆ. ನಿಮ್ದೇನು, ಡಬ್ಬಿನಾ? ಕೊಡಿ."

"ನನ್ ಮಗ ತರ್ತಾನೆ," ಎಂದು ಅವಳು ಹೊರಗೆ ಬಂದಳು.

ಪಾವಗಡದ ಬಸ್ಸಿನಲ್ಲಿ ಎರಡು ಗಂಟೆ ಅವಳು ತನಗೆ ತಾನೇ ನ್ಯಾಯ ಹೇಳಿಕೊಂಡಳು. ರೋಗ ಇದ್ದದ್ದು ಗರ್ಭಕೋಶದಲ್ಲಿ. ಅದನ್ನೇ ತೆಗೆದ ಮೇಲೆ ಇನ್ನೇನು ನೋಡುವುದು? ಮಗುವಿನ ಹಿಂದೆ ಬರುವ ಮಾಸನ್ನು ಅವಳು ಒಂದು ಸಲವೂ ಎಲ್ಲೆಂದರಲ್ಲಿ ಬಿಸಾಡಿದವಳಲ್ಲ. ನಾಯಿ ಎಳೆದರೆ ಬಾಣಂತಿಗೆ ಕೇಡು ಎಂದು, ಅರಿಸಿನ ಹಚ್ಚಿ, ಬಚ್ಚಲ ನೀರು ಹೋಗುವ ಕಡೆ ಮೊಣಕೈ ಆಳ ತೋಡಿ ಮುಚ್ಚಿ, ಮೇಲೆ ಮುಳ್ಳು ಹಾಕಿ ಕಲ್ಲು ಹೇರುತ್ತಿದ್ದಳು. ಮಾಸಿಗೇ ಅಷ್ಟಿರುವಾಗ ಗರ್ಭವನ್ನೇ ಬಿಲ್ಲೆ ಕೊಯ್ದು ಸುಡುವುದೆಂದರೇನು? ಈ ಮಾತು ಅವಳ ಪಾಲಿಗೆ ಸುಳ್ಳಾಗಿರಲಿಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಮಾತಿತ್ತು. ಆ ಕೆಳತುಟಿಯನ್ನು ಯಾರೂ ನೋಡಬಾರದು.

ಊರು ಸೇರಿದಾಗ ಇನ್ನೂ ಬಿಸಿಲಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಔಷಧದ ನೀರನ್ನು ಚರಂಡಿಗೆ ಚೆಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ತೊಳೆದು, ಅರಿಸಿನ ಹಚ್ಚಿ, ಹಳೆಯ ಬಿಳಿ ಬಟ್ಟೆಯಲ್ಲಿ ಸುತ್ತಿ ಹಿತ್ತಲಲ್ಲಿ ಮುಚ್ಚಿದಳು. ರಾತ್ರಿ ಮಗ ಫೋನ್ ಮಾಡಿ ಕೇಳಿದ. "ಕೊಟ್ಟು ಬಂದೆ ಕಣಪ್ಪ," ಅಂದಳು.

ಹೊಲಿಗೆ ಬಿಚ್ಚಿಸಲು ಹೋದ ದಿನ ನರ್ಸಿಂಗ್ ಹೋಮಿನವರು ರಿಪೋರ್ಟ್ ಬಂತಾ ಎಂದು ಒಂದು ಸಲ ಕೇಳಿದರು. ಇನ್ನೂ ಇಲ್ಲ ಅಂದದ್ದಕ್ಕೆ, ಬಂದಾಗ ತನ್ನಿ ಎಂದು ಸುಮ್ಮನಾದರು. ಹನ್ನೊಂದನೆಯ ದಿನ ಅಂಜನ್ ಕುಮಾರ್ ಲ್ಯಾಬಿಗೆ ಫೋನ್ ಮಾಡಿದ. ಆ ಹೆಸರಿನ ಸ್ಯಾಂಪಲ್ಲೇ ಬಂದಿಲ್ಲ ಅಂದರು.

"ಕಳೆದಾಕ್ಬುಟ್ಟವ್ರೆ ನನ್ಮಕ್ಳು," ಎಂದು ಅವನು ಬೈಕ್ ಕೀ ಹುಡುಕತೊಡಗಿದ. "ಹೋಗಿ ವಿಚಾರಿಸ್ತೀನಿ."

"ನೀನು ಹೋದ್ರೆ ಜಗಳ ಆಡ್ತೀಯ. ಕೊಟ್ಟೋಳು ನಾನು, ಇಸ್ಕೊಂಡ ಹೆಂಗ್ಸಿನ ಮುಖ ನಂಗೆ ಗೊತ್ತು. ನಾಳೆ ನಾನೇ ಹೋಗ್ಬರ್ತೀನಿ."

ಮರುದಿನ ಅವನು ಪಾಳಿಗೆ ಹೋದ ಮೇಲೆ, ರಾಧಾಮಣಿ ಒಳಗೆ ಮಲಗಿದ್ದಾಗ, ಅವಳು ಮಣ್ಣು ಕೆದಕಿದಳು. ಬಟ್ಟೆ ಒದ್ದೆಯಾಗಿತ್ತು. ಏನಿತ್ತೋ ಅದನ್ನು ಅದೇ ಡಬ್ಬಿಯಲ್ಲಿ ಹಾಕಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಮಧುಗಿರಿಗೆ ಹೊರಟಳು.

ಲ್ಯಾಬಿನ ಬಿಳಿ ಕೋಟಿನ ಹೆಂಗಸಿನ ಹೆಸರು ಲೋಹಿತಾ. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯವಳು, ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಅವಳು ಡಬ್ಬಿ ತೆರೆದು ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಅಜ್ಜಿ, ಇದು ಎಲ್ಲಿತ್ತು?"

ಬೇರೆ ಯಾರ ಹತ್ತಿರವೂ ಹೇಳದ್ದನ್ನು, ಹಿತ್ತಲಲ್ಲಿ ಹೂತದ್ದನ್ನು, ಚಿಕ್ಕಹನುಮಕ್ಕ ಅವಳಿಗೆ ಹೇಳಿದಳು. ಗುರುತಿಲ್ಲದವಳಾದ್ದರಿಂದ ಹೇಳುವುದು ಸುಲಭವಾಯಿತು. ಲೋಹಿತಾ ಬೈಯಲಿಲ್ಲ. ಗ್ಲೌಸ್ ಹಾಕಿಕೊಂಡು ಬೆರಳಿನಿಂದ ಒತ್ತಿ ನೋಡಿದಳು. "ಔಷಧದ ನೀರು ಒಳಗೆ ಇಳಿಯೋದು ಗಂಟೆಗೆ ಒಂದು ಮಿಲಿಮೀಟರ್. ಎಂಟು ಗಂಟೆ ಇತ್ತು ಅಂತೀರ. ಮುಳುಗಿದ್ದ ಕಡೆ ಹೊರಗಿನ ಮಾಂಸ ಗಟ್ಟಿ ಉಳಿದಿದೆ. ಕುತ್ತಿಗೆ ಕಡೆ ಏನೂ ಹಿಡಿದಿಲ್ಲ, ಮೆತ್ತಗಾಗಿ ಕಿತ್ತುಬರ್ತಿದೆ. ಆದ್ರೂ ಪರೀಕ್ಷೆಗೆ ಹಾಕಿ ನೋಡ್ತೀನಿ. ಗುರುವಾರ ಡಾಕ್ಟ್ರು ಬರ್ತಾರೆ, ಆವತ್ತು ಬನ್ನಿ."

ಗುರುವಾರ ಚಿಕ್ಕಹನುಮಕ್ಕ ಹೋದಾಗ ಡಾಕ್ಟರು ರಿಪೋರ್ಟ್ ಬರೆದಾಗಿತ್ತು. ಪೂರ್ತಿ ಇಂಗ್ಲಿಷ್. ಅಭಿಪ್ರಾಯ ಕೊಡಲು ಯೋಗ್ಯವಲ್ಲ ಎಂದು ಲೋಹಿತಾ ಅದರ ಸಾರ ಹೇಳಿದಳು.

"ನಂಗೆ ತೋರ್ಸು ತಾಯಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದೋಳು ನಾನು. ಕಾಗದ ನಂಗೆ ಬ್ಯಾಡ."

ಮಧ್ಯಾಹ್ನ ಕೌಂಟರಿನವನು ಊಟಕ್ಕೆ ಹೋಗಿದ್ದ. ಲೋಹಿತಾ ಅವಳನ್ನು ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಮೊದಲು ಬೇರೆ ಯಾರದೋ ಗಾಜಿನ ಪಟ್ಟಿ ಇಟ್ಟಳು.

"ಇದು ಆರೋಗ್ಯವಾಗಿರೋ ಗರ್ಭದ ಬಾಯಿ. ಕೂದಲಿನ ದಪ್ಪದ ಹತ್ತರಲ್ಲೊಂದು ಭಾಗದಷ್ಟು ತೆಳ್ಳಗೆ ಕೊಯ್ದಿರೋದು. ಗುಲಾಬಿ, ನೀಲಿ ಬಣ್ಣ ನಾವು ಹಾಕಿದ್ದು. ಏನು ಕಾಣ್ತದೆ?"

ಚಿಕ್ಕಹನುಮಕ್ಕನಿಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡಿತು. "ಚಾಪೆ ಮೇಲೆ ಚಾಪೆ ಹಾಸಿದಂಗೈತೆ. ಒಂದೊಂದು ಚಾಪೆಲೂ ನೀಲಿ ಚುಕ್ಕಿ."

"ಅದು ಬಾಯಿಯ ಹೊರಗಿನ ಚರ್ಮ. ಪದರದ ಮೇಲೆ ಪದರ. ಚುಕ್ಕಿ ಅಂದ್ರೆ ಜೀವಕಣದ ನಡುವಿನ ಬೀಜ. ಈಗ ಪಕ್ಕಕ್ಕೆ ಸರಿಸ್ತೀನಿ."

ಚಾಪೆಗಳು ಒಂದು ಕಡೆ ತಟ್ಟನೆ ನಿಂತುಹೋದವು. ಅಲ್ಲಿಂದಾಚೆಗೆ ಒಂದೇ ಸಾಲು, ಬೇಲಿ ಕಡ್ಡಿ ನೆಟ್ಟ ಹಾಗೆ ಎತ್ತರದ ಕಣಗಳು.

"ಅದು ಒಳಗಿನ ಚರ್ಮ. ಅಂಟುನೀರು ಸುರಿಸೋದು ಅದೇ. ಎರಡೂ ಸೇರೋ ಈ ಗಡಿ ಇದೆಯಲ್ಲ, ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಶುರುವಾಗೋದೇ ಇಲ್ಲಿ."

ಆಮೇಲೆ ಅವಳು ಗರ್ಭಕೋಶದ ಮೇಲ್ಭಾಗದ ಪಟ್ಟಿ ಇಟ್ಟಳು. ಒಳಗೋಡೆಯ ತುಂಬ ಚಿಕ್ಕ ಚಿಕ್ಕ ಉಂಗುರ, ತಿಂಗಳು ತಿಂಗಳು ಬೆಳೆದು ಉದುರುವ ಗ್ರಂಥಿಗಳು. ಅದರಾಚೆ ಹಗ್ಗದ ಎಳೆಗಳು ಅಡ್ಡ ಉದ್ದ ಹೆಣೆದುಕೊಂಡಿದ್ದವು. ಅದು ಮಾಂಸ, ನೋವು ಬಂದಾಗ ಮಗುವನ್ನು ಹೊರಗೆ ನೂಕುವುದು. ಆ ಎಳೆಗಳನ್ನು ಚಿಕ್ಕಹನುಮಕ್ಕ ಬಹಳ ಹೊತ್ತು ನೋಡಿದಳು. ಅಂಗೈ ಕೆಳಗೆ ಕಲ್ಲಿನ ಹಾಗೆ ಬಿಗಿಯುತ್ತಿದ್ದದ್ದು ಇದು.

"ಇದು ನಿಮ್ಮ ಸೊಸೇದು."

ಒಂದು ಅಂಚಿನಲ್ಲಿ ಎಳೆಗಳ ಗುರುತಿತ್ತು. ಉಳಿದದ್ದೆಲ್ಲ ಮಾಸಲು ಗುಲಾಬಿ. ಉಂಗುರವಿಲ್ಲ, ಚಾಪೆಯಿಲ್ಲ, ಒಂದೇ ಒಂದು ನೀಲಿ ಚುಕ್ಕಿಯಿಲ್ಲ. ಲೋಹಿತಾ ಪಟ್ಟಿ ಬದಲಾಯಿಸಿದಳು. ಎಂಟು ಪಟ್ಟಿಗಳಿದ್ದವು. ಕುತ್ತಿಗೆಯ ನಾಲ್ಕೂ ಪಟ್ಟಿಗಳಲ್ಲಿ ಬರೀ ಕೆಸರು.

"ಕೆಳತುಟಿ ಮೇಲೆ ಒರಟು ಇತ್ತು ತಾಯಿ. ತರಿತರಿ. ಅದು ನಾನು ಮಾಡಿದ ಗಾಯ. ಹತ್ತೊಂಬತ್ತು ವರ್ಷದ್ದು."

ಲೋಹಿತಾ ಅವಳ ಕಡೆ ತಿರುಗಿ ಕೂತಳು. "ಹೆರಿಗೇಲಿ ಹರಿದದ್ದು ವಾಸಿಯಾದ್ರೆ ನುಣ್ಣಗಾಗ್ತದೆ ಅಜ್ಜಿ. ಸೀಳು ಉಳೀಬಹುದು, ತರಿ ಆಗಲ್ಲ. ಮುಟ್ಟಿದ್ರೆ ರಕ್ತ ಬರ್ತಿತ್ತಾ? ಗಂಡನ ಜೊತೆ ಇದ್ದಾಗ ಬರ್ತಿತ್ತಾ?"

"ಬರ್ತಿತ್ತು."

"ಆಪರೇಷನ್ನಿಗೆ ಮುಂಚೆ ಬಾಯಿಂದ ಚೂರು ತೆಗೆದು ಪರೀಕ್ಷೆ ಮಾಡಿದ್ರಾ?"

"ಇಲ್ಲ."

ಲೋಹಿತಾ ಮೈಕ್ರೋಸ್ಕೋಪಿನ ದೀಪ ಆರಿಸಿದಳು. "ನಾನು ಡಾಕ್ಟರಲ್ಲ. ಹೌದು ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ. ಆದ್ರೆ ಅದೇನಾದ್ರೂ ಅದೇ ಆಗಿದ್ರೆ ಬರೀ ಗರ್ಭಕೋಶ ತೆಗೆದ್ರೆ ಸಾಲಲ್ಲ, ಆಪರೇಷನ್ ಆದ ಆರು ವಾರದೊಳಗೆ ಕರೆಂಟು, ಅಂದ್ರೆ ರೇಡಿಯೇಷನ್, ಕೊಡಬೇಕು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಈಗಲೇ ಕರ್ಕೊಂಡು ಹೋಗಿ. ಏನಾಯ್ತು ಅಂತ ಇದ್ದದ್ದು ಇದ್ದಂಗೆ ಹೇಳಿ. ಮಗನಿಗೆ ಹೇಳ್ತೀರಿ ಅಲ್ವಾ?"

"ಹೇಳ್ತೀನಿ ತಾಯಿ."

ಹೇಳಬೇಕೆಂದೇ ಅವಳು ಬಸ್ಸು ಹತ್ತಿದ್ದು. ಮನೆಗೆ ಬಂದಾಗ ರಾಧಾಮಣಿ ಎದ್ದು ಜಗುಲಿಯ ಮೇಲೆ ಕೂತು ಪಕ್ಕದ ಮನೆಯವಳ ಜೊತೆ ನಗುತ್ತಿದ್ದಳು. ರಕ್ತ ನಿಂತು ವಾರವಾಗಿತ್ತು, ವಾಸನೆಯೂ ಇರಲಿಲ್ಲ. "ಅತ್ತೆ, ಇವತ್ತು ನಾನೇ ಮುದ್ದೆ ಕಟ್ಟಿದೀನಿ, ಬಂದು ತಿನ್ರಿ," ಅಂದಳು. ಅಂಜನ್ ಕುಮಾರ್ ಬಂದು ಕೇಳಿದಾಗ ಚಿಕ್ಕಹನುಮಕ್ಕ, "ಸಿಕ್ತಂತೆ ಕಣಪ್ಪ. ರೋಗ ಏನಿಲ್ಲ ಅಂದ್ರು," ಎಂದಳು.

"ಕಾಗದ?"

"ಕಳಿಸ್ತಾರಂತೆ."

ಲೋಹಿತಾ ಕೊಟ್ಟು ಕಳಿಸಿದ್ದ ಕಾಗದ ಅವಳ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿತ್ತು. ರೋಗ ಇಲ್ಲ ಎಂಬ ಮಾತಿಗೆ ಮನೆ ಎಷ್ಟು ಬೇಗ ಒಗ್ಗಿಹೋಯಿತೆಂದರೆ, ಒಂದು ತಿಂಗಳಿಗೆ ಅವಳಿಗೂ ಅದು ನಿಜವೇ ಇರಬಹುದು ಅನ್ನಿಸತೊಡಗಿತು. ಲೋಹಿತಾ ಹೇಳಿದ ಆರು ವಾರ ಮುಗಿದ ದಿನ ಅವಳಿಗೆ ನೆನಪಿತ್ತು. ಆವತ್ತು ಅವಳು ಏನೂ ಮಾಡಲಿಲ್ಲ. ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು.

ಐದನೆಯ ತಿಂಗಳಲ್ಲಿ ರಾಧಾಮಣಿಗೆ ಸೊಂಟದಿಂದ ಎಡತೊಡೆಗೆ ಇಳಿಯುವ ನೋವು ಶುರುವಾಯಿತು. ಎಡಗಾಲು ಊದಿತು. ಗರ್ಭಕೋಶವೇ ಇಲ್ಲದ ಮೇಲೆ ಮುಟ್ಟು ಎಲ್ಲಿಂದ ಬರಬೇಕು? ಆದರೂ ಒಂದು ಬೆಳಿಗ್ಗೆ ಲಂಗದ ಮೇಲೆ ರಕ್ತ ಕಂಡಿತು. ಅವಳು ಗಂಡನಿಗೆ ಹೇಳಲಿಲ್ಲ, ಅತ್ತೆಯ ಹತ್ತಿರ ಬಂದಳು.

"ಅತ್ತೆ, ಆಸ್ಪತ್ರೆ ಅಂದ್ರೆ ಇವ್ರು ರಜೆ ಹಾಕ್ಬೇಕು. ನೀವೇ ಒಂದು ಸಲ ನೋಡ್ರಿ. ನಿಮ್ ಕೈಗಿಂತ ದೊಡ್ಡ ಸ್ಕ್ಯಾನ್ ಯಾವ್ದೈತೆ."

ಚಿಕ್ಕಹನುಮಕ್ಕ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದಳು. ಗರ್ಭಕೋಶ ತೆಗೆದ ಮೇಲೆ ದಾರಿಯ ಕೊನೆ ಹೊಲಿದ ಚೀಲದ ಹಾಗೆ ಮೆತ್ತಗಿರಬೇಕು. ಬೆರಳಿಗೆ ಸಿಕ್ಕಿದ್ದು ಕಲ್ಲಿನಂಥ ಗಂಟು. ಮೇಲ್ಭಾಗ ಮುಟ್ಟಿದರೆ ಪುಡಿಯಾಗುತ್ತಿತ್ತು. ಎಡಗಡೆ ಮೂಳೆಯವರೆಗೂ ಹಬ್ಬಿ ಅಲುಗಾಡದೆ ಕೂತಿತ್ತು. ಬೆರಳು ಹೊರಗೆ ತೆಗೆದಾಗ ಅದರ ಹಿಂದೆಯೇ ರಕ್ತ ಬಂತು.

ಸೊಸೆ ಮುಖ ನೋಡುತ್ತಿದ್ದಳು. "ಏನೈತೆ ಅತ್ತೆ?"

"ಐತೆ ಕಣವ್ವ. ಕೆಟ್ಟದ್ದು."

ಆಮೇಲೆ ಅವಳು ಒಂದೂ ಬಿಡದೆ ಹೇಳಿದಳು. ಟ್ರೇ, ಕೆಳತುಟಿ, ಚೊಚ್ಚಲ ಹೆರಿಗೆ, ಹಿತ್ತಲು, ಲ್ಯಾಬು, ಟ್ರಂಕಿನಲ್ಲಿದ್ದ ಕಾಗದ. ಹೇಳುವಾಗ ಕೈ ತೊಳೆದುಕೊಂಡಿರಲಿಲ್ಲ. ರಾಧಾಮಣಿ ಲಂಗ ಕೆಳಗೆಳೆದುಕೊಂಡು ಗೋಡೆಗೆ ಒರಗಿ ಕೂತಳು. ಕೇಳಿದ್ದು ಒಂದೇ ಮಾತು.

"ಆ ಲ್ಯಾಬಿನ ಅಕ್ಕ ಆರು ವಾರ ಅಂದಿದ್ರಾ?"

"ಹೂಂ."

"ಆರನೇ ವಾರದಾಗೆ ನಾನು ತವರಿಗೆ ಹೋಗಿದ್ದೆ. ನೀವೇ ಬಸ್ ಹತ್ತಿಸಿದ್ರಿ."

ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಪರೀಕ್ಷೆಗಳಾದವು. ಗಂಟಿನಿಂದ ಚೂರು ತೆಗೆದರು. ಸ್ಕ್ಯಾನಿನಲ್ಲಿ ಎಡಗಡೆಯ ಮೂತ್ರನಾಳ ಒತ್ತಿಹೋಗಿ ಮೂತ್ರಪಿಂಡ ಊದಿತ್ತು. ಎರಡೂ ಶ್ವಾಸಕೋಶದಲ್ಲಿ ಚಿಕ್ಕ ಗಂಟುಗಳಿದ್ದವು. ವಯಸ್ಸಾದ ಡಾಕ್ಟರು ಹಳೆಯ ಕಾಗದಗಳನ್ನು ಒಂದೊಂದಾಗಿ ತಿರುವಿ, "ತೆಗೆದ ಗರ್ಭಕೋಶದ ರಿಪೋರ್ಟ್ ಎಲ್ಲಿ?" ಎಂದರು.

"ಲ್ಯಾಬಿನೋರು ಕೊಡಲೇ ಇಲ್ಲ ಸಾರ್," ಎಂದು ಅಂಜನ್ ಕುಮಾರ್ ಶುರುಮಾಡಿದ.

"ಕೊಟ್ಟಿದ್ರು," ಎಂದು ಚಿಕ್ಕಹನುಮಕ್ಕ ಕಾಗದವನ್ನು ಮೇಜಿನ ಮೇಲಿಟ್ಟಳು. "ನಾನು ಹೂತಿಟ್ಟು ಹಾಳು ಮಾಡ್ದೆ. ಹನ್ನೆರಡು ದಿನದ ಮೇಲೆ ತಗೊಂಡೋದೆ. ಮನೇಲಿ ಸುಳ್ಳು ಹೇಳ್ದೆ."

ಡಾಕ್ಟರು ಕಾಗದ ಓದಿದರು. ಅವಳ ಮುಖ ಒಮ್ಮೆ ನೋಡಿ, ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದು, ಅಡಿಗೆರೆ ಎಳೆದರು.

"ವಾಸಿ ಮಾಡೋ ಹಂತ ದಾಟಿದೆ," ಎಂದು ರಾಧಾಮಣಿಗೇ ಹೇಳಿದರು. "ರಕ್ತ ನಿಲ್ಲೋಕೆ, ನೋವು ಕಡಿಮೆ ಆಗೋಕೆ ಹತ್ತು ದಿನ ಕರೆಂಟು ಕೊಡೋಣ. ಅದರಿಂದ ಅನುಕೂಲ ಆಗ್ತದೆ."

ಅಂಜನ್ ಕುಮಾರ್ ಕುರ್ಚಿಯ ಹಿಂಬದಿ ಹಿಡಿದು ನಿಂತಿದ್ದ. "ಆವಾಗ್ಲೇ ಬಂದಿದ್ರೆ ಸಾರ್? ಆಪರೇಷನ್ ಆದ ತಕ್ಷಣ ಬಂದಿದ್ರೆ ಉಳೀತಿದ್ಳಾ?"

"ಚಿಕ್ಕದಿದ್ದಿದ್ರೆ ಉಳಿಯೋ ಸಾಧ್ಯತೆ ಚೆನ್ನಾಗೇ ಇತ್ತು. ಆಗಲೇ ಹರಡಿದ್ದಿದ್ರೆ ಇಲ್ಲ. ಎಷ್ಟು ಆಳ ಇಳಿದಿತ್ತು ಅಂತ ಹೇಳಬಹುದಾಗಿದ್ದದ್ದು ಆ ತೆಗೆದ ಗರ್ಭಕೋಶವೊಂದೇ. ಅದು ಇಲ್ಲ. ಹಂಗಾಗಿ ನಿಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಡೋಕಾಗಲ್ಲ."

ಅವನು ತಾಯಿಯ ಕಡೆ ತಿರುಗಲಿಲ್ಲ. ಫಾರಂ ತುಂಬಿಸಿ ತರುತ್ತೇನೆಂದು ಹೊರಗೆ ಹೋದ. ಎರಡು ದಿನ ಇದ್ದು, ರಜೆ ಮುಗಿದು ಊರಿಗೆ ಹೊರಟಾಗ ಹೆಂಡತಿಗೆ ಔಷಧ ಯಾವಾಗ ಏನು ಎಂದು ಮೂರು ಸಲ ಹೇಳಿದ. ತಾಯಿಗೆ ಒಂದು ಮಾತೂ ಹೇಳಲಿಲ್ಲ. ಚಿಕ್ಕಹನುಮಕ್ಕ ಗೇಟಿನವರೆಗೆ ಅವನ ಹಿಂದೆ ಹೋದಳು. "ಏನಾದ್ರೂ ಅನ್ನಪ್ಪ," ಅಂದಳು. ಅವನು ಆಟೊ ಹತ್ತಿದ.

ಜೊತೆಗಿರಲು ಬೇರೆ ಯಾರೂ ಇರಲಿಲ್ಲ. ರಾಧಾಮಣಿಯ ತಂಗಿಗೆ ಹಸುಗೂಸಿತ್ತು, ಮಗಳಿಗೆ ಪರೀಕ್ಷೆಯಿತ್ತು. ಅತ್ತೆಯೇ ಇರಲಿ ಅಂದವಳು ರಾಧಾಮಣಿ. ಆಸ್ಪತ್ರೆಯ ಪಕ್ಕದ ಧರ್ಮಶಾಲೆಯಲ್ಲಿ ಇಬ್ಬರಿಗೂ ಒಂದು ಮಂಚದ ಜಾಗ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಬಂದು ಸಾಲಿನಲ್ಲಿ ಕೂತರೆ ಹನ್ನೊಂದರ ಹೊತ್ತಿಗೆ ಕರೆಯುತ್ತಿದ್ದರು. ಅತ್ತೆ ಅವಳ ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯಿಂದ ಮೇಲಕ್ಕೆ ನಿಧಾನವಾಗಿ ನೀವುತ್ತಿದ್ದಳು. ರಾಧಾಮಣಿ ಬೇಡವೆನ್ನುತ್ತಿರಲಿಲ್ಲ.

ನಾಲ್ಕನೆಯ ದಿನ ಸಾಲು ಉದ್ದವಿತ್ತು. ಎದುರಿನ ಬೆಂಚಿನಲ್ಲಿದ್ದ ಯಾದಗಿರಿಯ ಹೆಂಗಸೊಬ್ಬಳು ಇವರಿಬ್ಬರನ್ನೂ ನೋಡಿ, "ಅವ್ವನ ಏನ್ರಿ?" ಎಂದು ಕೇಳಿದಳು.

"ಅತ್ತೆ," ಅಂದಳು ರಾಧಾಮಣಿ.

"ಪುಣ್ಯವಂತಿ ನೋಡ್ರಿ ನೀವು. ನಮ್ಮತ್ತಿ ಗೇಟಿನ ಒಳಗೂ ಬರಂಗಿಲ್ಲ."

ರಾಧಾಮಣಿ ನಕ್ಕಂತೆ ಮಾಡಿದಳು. ಆ ಹೆಂಗಸನ್ನು ಒಳಗೆ ಕರೆದುಕೊಂಡ ಮೇಲೆ ಚಿಕ್ಕಹನುಮಕ್ಕ ನೀವುವುದನ್ನು ನಿಲ್ಲಿಸಿದಳು.

"ನೀನಾದ್ರೂ ಬೈಯವ್ವ. ಯಾರೂ ಬೈತಿಲ್ಲ. ನೀನು ಉಗಿದ್ರೂ ಒರಸ್ಕೊಂತೀನಿ."

ರಾಧಾಮಣಿ ಗೋಡೆಯ ಮೇಲಿನ ಟೋಕನ್ ನಂಬರು ನೋಡುತ್ತಿದ್ದಳು. ಕೋಪದ ದನಿಯಿರಲಿಲ್ಲ. ಮನೆಗೆ ಏನು ಸಾಮಾನು ಬೇಕು ಎಂದು ಹೇಳುವ ಹಾಗೆ ಹೇಳಿದಳು.

"ನಾನು ಬೈಯಲ್ಲ ಅತ್ತೆ. ಬೈದ್ರೆ ನಿಮ್ಗೆ ಹಗುರ ಆಗ್ತದೆ."

ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೂ ಮೂರು ಹೆಸರು ಕೂಗಿದರು. ಆಮೇಲೆ ಅವಳ ಹೆಸರು ಕೂಗಿದರು. ಅವಳು ಅತ್ತೆಯ ಹೆಗಲು ಹಿಡಿದು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.